ಮೊಳೆ ಹೊಡೆದ ಹಾಲೆ ಮರ

ಆಟಿ ತಿಂಗಳಲ್ಲಿ ಹಾಲೆ ಮರ ಹೂ ಬಿಡುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಆ ಬೆಳಿಗ್ಗೆ ಡೊಂಬಿವಲಿಯ ನಮ್ಮ ಕಾಲೊನಿಯ ಗಾರ್ಡನ್ನಿನಲ್ಲಿ, ಆಗಷ್ಟೇ ತೊಗಟೆ ಕಿತ್ತ ಮರವೊಂದರ ಬುಡದಲ್ಲಿ ಬಿದ್ದಿದ್ದ ಬಿಳಿ ಹೂವನ್ನು ಕಂಡು ನಾನು ಬೆಚ್ಚಿಬಿದ್ದೆ. ಹಿಡಿದಿದ್ದ ತೆಂಗಿನಕಾಯಿ ಕೆಸರಿಗೆ ಬಿತ್ತು. ಎತ್ತಿಕೊಳ್ಳಬೇಕೆಂದೂ ತೋಚಲಿಲ್ಲ. ಮನೆಯಲ್ಲಿ ಅದೇ ತೊಗಟೆಯ ಕಷಾಯವನ್ನು ಲೋಟಕ್ಕೆ ಬಗ್ಗಿಸುವ ಹೊತ್ತು ಅದು.

ಹೀಗೆ ನಡುವಿನಿಂದ ಹೇಳಿದರೆ ತಲೆಬುಡ ತಿಳಿಯಲಿಕ್ಕಿಲ್ಲ. ಮೊದಲು ನನ್ನ ಮರದ ಹುಚ್ಚನ್ನು ಹೇಳಿಬಿಡುತ್ತೇನೆ.

ನಾನು ಧಾರವಾಡದವಳು. ಮದುವೆಯಾಗಿ ಬಂದದ್ದು ಉಡುಪಿ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ, ಮನೆಯಲ್ಲಿ ತುಳು ಮಾತಾಡುವ ಕುಟುಂಬಕ್ಕೆ. ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ಭಾನುವಾರ ಬೆಳಿಗ್ಗೆ ಠಾಣೆಯಲ್ಲಿ ಮರ ನೋಡುತ್ತ ತಿರುಗುವ ಗುಂಪೊಂದಕ್ಕೆ ಸೇರಿದೆ. ಅಲ್ಲಿಂದ ಶುರುವಾಯಿತು. ಪ್ಲಾಟ್‌ಫಾರ್ಮಿನಲ್ಲಿ ಬಿದ್ದ ಎಲೆ, ಲೋಕಲ್ಲಿನ ಕಿಟಕಿಗೆ ಅಂಟಿದ ಎಲೆ, ಯಾರದೋ ಗಣಪತಿಗೆ ಕಟ್ಟಿದ ತೋರಣದ ಎಲೆ, ಯಾವುದನ್ನೂ ಬಿಡದೆ ತಿರುವಿ ನೋಡುವುದು, ಹರಿದು ಮೂಸುವುದು. ಗುಂಪನ್ನು ಕರೆದೊಯ್ಯುವ ಹೆಂಗಸು ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ: ಎಲೆ ನೋಡಿ ಊಹೆ ಮಾಡಿ, ಹೂವು ನೋಡುವ ತನಕ ಬಾಯಿ ಬಿಡಬೇಡಿ. ನಾನು ಊಹೆಯ ಹಂತದಲ್ಲೇ ಬಾಯಿ ಬಿಡುವವಳು, ಆ ಮಾತು ಬೇರೆ.

ಒಂದು ದಸರೆಯ ಹಿಂದಿನ ದಿನ ಸ್ಟೇಷನ್ ಎದುರಿನ ಸೊಪ್ಪಿನವಳ ಜೊತೆ ನಾನು ಜಗಳಕ್ಕೇ ನಿಂತುಬಿಟ್ಟೆ. ನಮ್ಮ ಧಾರವಾಡದಲ್ಲಿ ದಸರೆಗೆ ಬನ್ನಿ ಕೊಟ್ಟು ಬಂಗಾರದಂಗ ಇರೋಣು ಅನ್ನುತ್ತೇವೆ. ಇಲ್ಲಿ ಬಂಗಾರವೆಂದು ಹಂಚುವುದು ಆಪಟಾ ಮರದ ಜೋಡಿ ಎಲೆ. ಅವಳು ರಾಶಿ ಹಾಕಿಕೊಂಡಿದ್ದದ್ದು ಕಾಂಚನದ ಎಲೆ. ಆಪಟಾದ ಎಲೆ ಚಿಕ್ಕದು, ಗಡುಸು, ಉದ್ದಕ್ಕಿಂತ ಅಗಲ ಜಾಸ್ತಿ. ಕಾಂಚನದ್ದು ದೊಡ್ಡದು, ಮೆತ್ತಗೆ. ನಾನು ಇಷ್ಟನ್ನೂ ಬಿಡಿಸಿ ಹೇಳಿದ ಮೇಲೆ ಅವಳು, "ತಾಯೀ, ಸೋನಂ ಮ್ಹಣೂನ್ ಘ್ಯಾ ನಾ, ಝಾಡ್ ಕಶಾಲಾ ಬಘತಾ?" ಅಂದಳು. ಬಂಗಾರ ಅಂತ ತಗೊಳ್ಳಿ, ಮರ ಯಾಕೆ ನೋಡ್ತೀರಿ ಎಂದು. ನನ್ನ ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಭಾವ ಬಿದ್ದು ಬಿದ್ದು ನಕ್ಕರು.

ಈ ಭಾವ ಎಂದರೆ ನನ್ನ ಗಂಡನ ಅಣ್ಣ. ಕಲ್ಯಾಣ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಆಯುಷ್ಯವನ್ನೆಲ್ಲ ಕಳೆದು, ಮದುವೆಯ ಗೊಡವೆಗೆ ಹೋಗದೆ, ಈಗ ನಮ್ಮ ಮನೆಯಲ್ಲೇ ಇರುವವರು. ಗಟ್ಟಿ ದನಿ. ಮನೆಯಲ್ಲಿ ಇಷ್ಟು ವರ್ಷವೂ ನನಗೆ ಎದುರು ಮಾತಾಡಿ ಗೆದ್ದ ಗಂಡಸೆಂದರೆ ಅವರೊಬ್ಬರೇ. ನನ್ನ ಮರದ ಹುಚ್ಚು ಅವರಿಗೆ ದಿನಾ ಸಿಗುವ ತಿಂಡಿ.

"ಎಂತ ಮಾರಾಯ್ತಿ, ಇವತ್ತು ಎಷ್ಟು ಎಲೆ ಸಿಕ್ಕಿತು? ಎಲೆ ಹೆಕ್ಕುವುದರಲ್ಲಿ ನಮ್ಗೆ ಊಟಕ್ಕೆ ಎಲೆ ಹಾಕ್ಲಿಕ್ಕೆ ನಿಂಗೆ ಪುರುಸೊತ್ತು ಉಂಟಾ?"

"ನಿಮಗ ಹಸಿವಾದ್ರ ನೀವ ಹಾಕ್ಕೋರಿ, ಕೈ ಏನ್ ಗಿರವಿ ಇಟ್ಟೀರೇನು?" ಎಂದು ನಾನೂ ಬಿಡುತ್ತಿರಲಿಲ್ಲ.

ಒಂದು ಮರದ ವಿಷಯದಲ್ಲಿ ಮಾತ್ರ ಅವರು ನನ್ನ ಮಾತಿಗೆ ಕಿವಿಗೊಡುತ್ತಿರಲಿಲ್ಲ. ಅದು ಹಾಲೆ ಮರ. ಅದು ಅವರ ಮರ.

ಆಟಿ ಎಂದರೆ ತುಳುವರಿಗೆ ಮಳೆಗಾಲದ ನಟ್ಟನಡುವಿನ ತಿಂಗಳು. ಆ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ಅವತ್ತು ಆ ಮರದಲ್ಲಿ ಎಲ್ಲ ರೋಗದ ಮದ್ದೂ ಬಂದು ಸೇರಿರುತ್ತದಂತೆ. ತೊಗಟೆ ತರುವುದಕ್ಕೂ ಕಟ್ಟಳೆಯಿದೆ. ಹಿಂದಿನ ಸಂಜೆ ಮರವನ್ನು ಗೊತ್ತುಮಾಡಿ ನೂಲು ಕಟ್ಟಿ ಬರಬೇಕು. ಬೆಳಕು ಹರಿಯುವ ಮುಂಚೆ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ಬಿಡಿಸಬೇಕು. ಕತ್ತಿ ಕೊಡಲಿ ಒಯ್ಯುವ ಹಾಗಿಲ್ಲ, ಮರಕ್ಕೆ ಕಬ್ಬಿಣ ತಾಗಿದರೆ ಮದ್ದು ಕೆಟ್ಟಿತು. ಹೋಗುವಾಗ ಬರುವಾಗ ಯಾರ ಹತ್ತಿರವೂ ಮಾತಾಡಬಾರದು. ತಂದವರೇ ಮೊದಲು ಕುಡಿಯಬೇಕು ಎಂಬುದು ನನ್ನ ಮಾವನವರ ಮನೆಯ ಪದ್ಧತಿ. ಅದಕ್ಕೆ ಭಾವ ತಮ್ಮದೂ ಒಂದು ಸೇರಿಸಿದ್ದರು. ಅಪ್ಪ ಕುಡಿದು ಲೋಟ ಕೆಳಗಿಡುವ ತನಕ ತಾವು ತುಟಿ ಬಿಚ್ಚುವುದಿಲ್ಲ ಎಂದು. ವರ್ಷಕ್ಕೊಮ್ಮೆ ಭಾವ ಬಾಯಿ ಮುಚ್ಚಿಕೊಂಡಿರುವ ಬೆಳಿಗ್ಗೆ ಅದು, ನಾನು ಅದನ್ನು ಹಬ್ಬದ ಹಾಗೆ ಕಾಯುತ್ತಿದ್ದೆ.

ನಮ್ಮ ಬಿಲ್ಡಿಂಗಿನ ಮರಾಠಿ ಮಂದಿಗೆ ಅದೇ ದಿನ ಗಟಾರಿ. ಮರುದಿನದಿಂದ ಶ್ರಾವಣ, ಮಾಂಸ ಮದ್ಯ ಬಿಡಬೇಕು. ಹಾಗಾಗಿ ಅವತ್ತೇ ತಿಂದು ಕುಡಿದು ಮುಗಿಸುವವರು ಬೇಕಾದಷ್ಟು. ಊರೆಲ್ಲ ಅದನ್ನು ಕುಡಿಯುವ ದಿನ ನಮ್ಮ ಮನೆಯಲ್ಲಿ ಇದನ್ನು ಕುಡಿಯುತ್ತಿದ್ದರು. ಮದುವೆಯಾದ ಮೊದಲ ವರ್ಷ, ಆಗಿನ್ನೂ ಬದುಕಿದ್ದ ಅತ್ತೆ ಕೊಟ್ಟರೆಂದು ನಾನೂ ಒಂದು ಲೋಟ ಗಟಗಟನೆ ಇಳಿಸಿದೆ. ಅಯ್ಯ ಶಿವನ, ಆ ಕಹಿ! ನಾಲಿಗೆಯಿಂದ ಹೊಕ್ಕುಳ ತನಕ ಕಹಿ. "ಇದನ್ನ ಕುಡದ್ರ ರೋಗ ಅಲ್ಲ, ರೋಗಿನ ಹೋಗ್ತಾನ," ಅಂದಿದ್ದೆ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಮೇಲೆ ಬಾಯಿಗೆ ಬೆಲ್ಲದ ತುಂಡು ಹಾಕಿ, ತೆಂಗಿನಹಾಲಿನ ಮೆಂತೆ ಗಂಜಿ ಉಣ್ಣಿಸಿದರು. ಆ ಗಂಜಿಯ ಆಸೆಗೇ ನಾನು ಪ್ರತಿವರ್ಷ ಒಂದು ಚಮಚ ಕಷಾಯ ಸಹಿಸಿಕೊಂಡೆ.

ಮಾವನವರ ಕಾಲು ಸೋತ ಮೇಲೆ ತೊಗಟೆ ತರುವ ಕೆಲಸ ಭಾವನ ಪಾಲಿಗೆ ಬಂತು. ಅವರಿಗೆ ಅದರ ಜಂಬವೋ ಜಂಬ. ಕಾಲೊನಿಯಲ್ಲಿದ್ದ ಊರ ಕಡೆಯ ನಾಲ್ಕಾರು ಮನೆಗಳಿಗೂ ಇವರೇ ಬಾಟಲಿಯಲ್ಲಿ ತುಂಬಿ ಕೊಡುತ್ತಿದ್ದರು. ಮಿಕ್ಸಿಗೆ ಹಾಕುತ್ತಿರಲಿಲ್ಲ, ಅದರ ಬ್ಲೇಡು ಕಬ್ಬಿಣವಲ್ಲವೆ? ಕಲ್ಲಿನಲ್ಲೇ ಅರೆದು, ರಸ ಹಿಂಡಿ, ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಚುಂಯ್ ಎನಿಸುತ್ತಿದ್ದರು.

ಮರ ಇದ್ದದ್ದು ನಮ್ಮ ಗಾರ್ಡನ್ನಿನ ಗೋಡೆಯ ಬದಿ. ಬಿಲ್ಡರ್ ಎಲ್ಲಿಂದಲೋ ಲಾರಿಯಲ್ಲಿ ಗಿಡ ತರಿಸಿ ಸಾಲಾಗಿ ನೆಡಿಸಿದ್ದ. ಅದರಲ್ಲಿ ಒಂದೇ ಒಂದು ಹಾಲೆ. ಮರಾಠಿಯಲ್ಲಿ ಸಾತವೀಣ. ಕಡ್ಡಿಯ ಒಂದೇ ಗೆಣ್ಣಿನಿಂದ ಐದೋ ಏಳೋ ಎಲೆ ಸುತ್ತಲೂ ಹರಡಿ ಕೊಡೆಯ ಹಾಗೆ ನಿಲ್ಲುತ್ತವೆ. ಎಲೆಯ ತುದಿ ಮೊಂಡು. ಹೂವು ಬರುವುದು ಮಳೆ ಪೂರ್ತಿ ನಿಂತ ಮೇಲೆ, ದೀಪಾವಳಿಯ ಆಸುಪಾಸು. ತಿಳಿಹಸಿರು ಬಿಳುಪಿನ ಪುಟಾಣಿ ಹೂಗಳ ಗೊಂಚಲು, ಸಂಜೆಯಾದರೆ ತಲೆ ಹಿಡಿಯುವಷ್ಟು ವಾಸನೆ. ಗೋಡೆಬದಿಯ ಬಿಲ್ಡಿಂಗಿನವರು ಕಿಟಕಿ ಹಾಕಿಕೊಂಡು ಆ ಮರಕ್ಕೆ ಶಾಪ ಹಾಕುತ್ತಿದ್ದರು.

ಆ ವರ್ಷದ ಮಳೆಗಾಲಕ್ಕೆ ಮುಂಚೆ ಸಾಲಿನ ಮರಗಳ ಕೊಂಬೆಗಳನ್ನೆಲ್ಲ ಸವರಿ ಹಾಕಿದ್ದರು. ಹೆಚ್ಚಿನವು ಬೋಳು ಕಂಬಗಳಾಗಿ ನಿಂತು, ಅಲ್ಲಲ್ಲಿ ಗೋಡೆಯ ಆಚೆಗೆ ಚಾಚಿದ್ದ ಒಂದೊಂದು ಕೊಂಬೆ ಮಾತ್ರ ಉಳಿದಿತ್ತು. ಅಮಾವಾಸ್ಯೆಯ ಹಿಂದಿನ ಸಂಜೆ ಭಾವ ನೂಲು ಕಟ್ಟಿ ಬಂದಾಗ ನಾನು ಮನೆಯಲ್ಲಿರಲಿಲ್ಲ, ಮಗಳ ಜೊತೆ ಕಲ್ಯಾಣಕ್ಕೆ ಬಟ್ಟೆ ತರಲು ಹೋಗಿದ್ದೆ. ಬಂದಾಗ ಅವರು ಆಗಲೇ ಕಲ್ಲು, ಚೀಲ ಎಲ್ಲ ಬಾಗಿಲ ಬಳಿ ಜೋಡಿಸಿಟ್ಟು ಮಲಗಿದ್ದರು.

ಬೆಳಿಗ್ಗೆ ನಾನೇಳುವಷ್ಟರಲ್ಲಿ ಅಡುಗೆಮನೆಯಲ್ಲಿ ಅರೆಯುವ ಸದ್ದು. ಗಂಡ ವಾಶಿಯ ಹೋಟೆಲಿನ ಮೊದಲ ಪಾಳಿಗೆಂದು ಕಷಾಯದಿಂದ ತಪ್ಪಿಸಿಕೊಂಡು ಹೋಗಿ ಆಗಿತ್ತು. ಭಾವ ನನ್ನನ್ನು ನೋಡಿ ಬಾಯಿಯ ಮೇಲೆ ಬೆರಳಿಟ್ಟರು. ಆಮೇಲೆ ತೆಂಗಿನಕಾಯಿ ಒಡೆಯುವ ಅಭಿನಯ ಮಾಡಿ, ಕೈಯಲ್ಲಾಡಿಸಿದರು. ಗಂಜಿಗೆ ಕಾಯಿ ಇಲ್ಲ ಎಂದು. "ಇಷ್ಟೊತ್ನ್ಯಾಗ ಹೇಳ್ತೀರಲ್ರೀ, ನಿನ್ನೆ ನಾಲಿಗಿ ಇತ್ತಲ್ಲ!" ಎಂದು ಬೈದು ನಾನು ಕೊಡೆ ಹಿಡಿದು ಕೆಳಗಿಳಿದೆ. ಅಂಗಡಿಯಿಂದ ಬರುವಾಗ ಗಾರ್ಡನ್ನಿನ ಒಳಗಿಂದ ಬಂದರೆ ಹತ್ತಿರ.

ಮೊದಲು ಕಂಡದ್ದು ಹಾಲೆ ಮರ. ಅದರ ಮೈಮೇಲೆ ಹೊಸ ಗಾಯವೇ ಇರಲಿಲ್ಲ. ಅದರ ಬದಲು ಯಾರದೋ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸು ಇತ್ತು. ನಾಲ್ಕು ಮೂಲೆಗೂ ಉದ್ದುದ್ದ ಮೊಳೆ. ಮಳೆಗೆ ತುಕ್ಕು ಕಾಂಡದ ಮೇಲೆಲ್ಲ ಇಳಿದಿತ್ತು. ಪಕ್ಕದ ಮರಕ್ಕೆ ಬಿಳಿ ನೂಲು ಕಟ್ಟಿತ್ತು. ಅದರ ತೊಗಟೆ ಅಂಗೈಯಗಲ ಹೋಗಿ, ಗಾಯದಿಂದ ಹಾಲು ಸುರಿದು ಮಳೆನೀರಿನ ಜೊತೆ ಬುಡಕ್ಕೆ ಇಳಿಯುತ್ತಿತ್ತು. ಬುಡದಲ್ಲಿ ಆ ಹೂವು.

ಬಿಳಿ ಹೂವು, ಐದು ದಳ, ನಡುವೆ ಹಳದಿ ಕಣ್ಣು. ಹಾಲೆಯ ಹೂವಿಗೆ ಇಷ್ಟು ದೊಡ್ಡ ದಳವಿಲ್ಲ, ಹಳದಿ ಕಣ್ಣಿಲ್ಲ, ಮತ್ತೆ ಆಟಿಯಲ್ಲಿ ಅದು ಬರುವುದೇ ಇಲ್ಲ. ಕತ್ತೆತ್ತಿ ನೋಡಿದೆ. ಗೋಡೆಯ ಕಡೆ ಉಳಿದಿದ್ದ ಕೊಂಬೆಯಲ್ಲಿ ಎಲೆಗಳು ತುದಿಗೆ ಒತ್ತೊತ್ತಾಗಿ ಇದ್ದವು ನಿಜ, ಆದರೆ ಚೂಪು ತುದಿಯ, ಮಾವಿನೆಲೆಯಂಥ ಎಲೆಗಳು. ಅವುಗಳ ನಡುವೆ ಹಸಿ ಮಾವಿನಕಾಯಿಯ ಹಾಗೆಯೇ ಕಾಣುವ ಎರಡು ಕಾಯಿ. ಭಾನುವಾರದ ಗುಂಪಿನಲ್ಲಿ ಇಂಥದೇ ಮರವೊಂದನ್ನು ತೋರಿಸಿ, ಸರ್ಬೆರಾ, ಕಾಯಿಯಿಂದ ಹಾಲಿನ ತನಕ ಮೈಯೆಲ್ಲ ವಿಷ, ನೇರವಾಗಿ ಹೃದಯವನ್ನು ಹಿಡಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ ಎಂದಿದ್ದರು. ನಮ್ಮದೇ ಗಾರ್ಡನ್ನಿನಲ್ಲಿ ನಾನು ಅದನ್ನು ಹೂವಿಲ್ಲದ ಕಾಲದಲ್ಲಿ ಕಂಡು ಯಾವುದೋ ದೇವಕಣಗಿಲೆ ಇರಬೇಕೆಂದುಕೊಂಡಿದ್ದೆ.

ಆ ಮೊಳೆಗಳನ್ನು ನೋಡಿದ ಮೇಲೆ ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಭಾವನಿಗೆ ಹಾಲೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಆದರೆ ಕಬ್ಬಿಣ ತಾಗಿದ ಮರ. ಅದರ ಮದ್ದು ಕೆಟ್ಟಿತು. ಒಂದೇ ಸಾಲಿನಲ್ಲಿ ನೆಟ್ಟ ಮರ, ಪಕ್ಕದ್ದೂ ಹಾಲೆಯೇ ಇರಬೇಕು ಎಂದುಕೊಂಡಿದ್ದಾರೆ. ಗೋಡೆಯಾಚೆಗಿನ ಕೊಂಬೆ ಬಿಟ್ಟರೆ ಬೋಳು ಮರದಲ್ಲಿ ನೋಡಲು ಎಲೆ ಎಲ್ಲಿದೆ? ಉಗುರಿನಿಂದ ಕೆರೆದಿದ್ದಾರೆ, ಹಾಲು ಬಂದಿದೆ. ಊರಿನಲ್ಲಿ ಅವರಪ್ಪ ಕಲಿಸಿಕೊಟ್ಟ ಪರೀಕ್ಷೆ ಅದು. ನೂಲು ಕಟ್ಟಿದ್ದಾರೆ.

ಫೋನು ತೆಗೆದು ಭಾವನಿಗೆ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಎತ್ತುವುದು ಹೇಗೆ? ಅವರಿಗೆ ಮೌನ! ಮಗಳಿಗೆ ಹಚ್ಚಿದೆ, ಅವಳು ಫೋನು ಸೈಲೆಂಟಿನಲ್ಲಿಟ್ಟು ಮಲಗುವ ಹುಡುಗಿ. ಮಾವನವರಿಗೆ ಫೋನೇ ಇಲ್ಲ. ಕೊಡೆಯ ಹಿಡಿಯಿಂದ ಕೊಂಬೆಯನ್ನು ಜಗ್ಗಿ ಒಂದು ಕಡ್ಡಿಯನ್ನು ಎಲೆ, ಹೂವು, ಕಾಯಿ ಸಮೇತ ಮುರಿದುಕೊಂಡೆ. ಕೈಗೆ ಹಾಲು ಮೆತ್ತಿತು. ಕೊಡೆ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ, ಓಡಿದೆ. ವಾಚ್‌ಮನ್, "ಕ್ಯಾ ಹುವಾ ಭಾಭಿ? ಕ್ಯಾ ಹುವಾ?" ಎಂದು ಹಿಂದೆಯೇ ಕೂಗುತ್ತಿದ್ದ. ಮಾವನವರಿಗೆ ಹೃದಯದ ಮಾತ್ರೆ ನಡೆಯುತ್ತಿತ್ತು. ಮೆಟ್ಟಿಲು ಹತ್ತುವಾಗ ನನ್ನ ತಲೆಯಲ್ಲಿ ಅದೊಂದೇ ಇತ್ತು, ಮುದುಕ ಲೋಟ ಎತ್ತಿರಬಾರದು, ದೇವರೇ, ಲೋಟ ಎತ್ತಿರಬಾರದು.

ಬಾಗಿಲು ತೆರೆದೇ ಇತ್ತು. ಮಾವನವರು ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ಕುಳಿತು, ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತ, ಲೋಟವನ್ನು ತುಟಿಯ ಹತ್ತಿರ ತಂದಿದ್ದರು. ನಾನು ಬೀಸಿ ಹೊಡೆದೆ. ಲೋಟ ಹೋಗಿ ಗೋಡೆಗೆ ಬಡಿಯಿತು. ಕಷಾಯ ಅವರ ಬಿಳಿ ಬನಿಯನ್ನಿನ ಮೇಲೆ, ಕ್ಯಾಲೆಂಡರಿನ ಮೇಲೆ.

"ಅಮಾಸೆಯ ಮದ್ದು ಚೆಲ್ಲಿದೆಯಲ್ಲ ಮಗಾ!" ಅಂದರು ಮಾವನವರು. ಇಪ್ಪತ್ತೈದು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು.

"ಕುಡದ್ರೇನು? ಸ್ವಲ್ಪರೆ ಕುಡದ್ರೇನು?"

"ಎಲ್ಲಿ ಕುಡಿಯುವುದು? ಕುಡಿಲಿಕ್ಕೆ ಬಿಟ್ಟೆಯಾ ನೀನು?"

ಬಚಾವಾದೆವು ಅಂದುಕೊಂಡೆ. ಅಲ್ಲೇ ಗೋಡೆಗೆ ಒರಗಿ ಕುಳಿತೆ. ಆಗ ಭಾವ ಅಡುಗೆಮನೆಯಿಂದ ಬಂದರು. ನೆಲದ ಮೇಲೆ ಹರಿದ ಕಷಾಯವನ್ನು ನೋಡಿ ಕಣ್ಣು ಕೆಂಪಗೆ ಮಾಡಿದರು. ಆದರೆ ಬಾಯಿ ಬಿಡಲಿಲ್ಲ. ಅಪ್ಪ ಇನ್ನೂ ಕುಡಿದಿಲ್ಲವಲ್ಲ, ಮೌನ ಮುರಿಯುವ ಹಾಗಿಲ್ಲ. ಕೈಬಾಯಿ ಮಾಡಿ ನನ್ನನ್ನು ಬೈಯತೊಡಗಿದರು.

"ಭಾವಾ, ನೀವು ಕುಡದ್ರೇನು?"

ಅವರು ಎದೆ ಮುಂದೆ ಮಾಡಿ ತಲೆಯಾಡಿಸಿದರು. ತಮ್ಮ ಲೋಟ ತಂದು ನನ್ನ ಮುಖದ ಮುಂದೆ ಬೋರಲು ಹಿಡಿದು ತೋರಿಸಿದರು. ಒಂದು ಹನಿಯೂ ಬೀಳಲಿಲ್ಲ.

ಆ ಬೋರಲು ಲೋಟ ಇವತ್ತಿಗೂ ನನಗೆ ಕಣ್ಣಿಗೆ ಕಟ್ಟಿದೆ. ತಂದವರೇ ಮೊದಲು ಕುಡಿಯಬೇಕು ಎಂಬುದನ್ನು ನಾನು ಹೇಗೆ ಮರೆತಿದ್ದೆನೋ. ಓಡುವಾಗ ಮಾವನವರನ್ನು ಬಿಟ್ಟು ಬೇರೆ ಯಾರೂ ನನ್ನ ತಲೆಗೆ ಬಂದಿರಲಿಲ್ಲ. "ಅದು ಹಾಲೆ ಅಲ್ರೀ! ಅದು ವಿಷದ ಗಿಡ! ವಿಷ ಕುಡದೀರಿ ನೀವು!" ಎಂದು ಕಿರುಚಿದೆ. ಭಾವ ನಕ್ಕರು, ಸದ್ದಿಲ್ಲದೆ. ಎಡ ಅಂಗೈಯನ್ನು ಬಲಗೈಯ ಉಗುರಿನಿಂದ ಕೆರೆದು, ಅಲ್ಲಿಂದ ಏನೋ ಇಳಿಯುವ ಹಾಗೆ ಬೆರಳಾಡಿಸಿದರು. ಹಾಲು ಬಂದಿತ್ತು ಎಂದು. ನಾನು ಕಡ್ಡಿಯನ್ನು ಅವರ ಮೂಗಿನ ಹತ್ತಿರ ಹಿಡಿದೆ. ಹೂವು, ಚೂಪು ಎಲೆ, ಆ ಕಾಯಿ. ಅವರು ಕಾಯಿಯನ್ನು ನೋಡಿದರು. ನೋಡುತ್ತಲೇ ಇದ್ದರು. ಊರಲ್ಲಿ ಹೊಳೆಬದಿಯಲ್ಲಿ ಆ ಕಾಯಿ ಕಂಡೇ ಇರುತ್ತಾರೆ, ಮುಟ್ಟಬೇಡವೆಂದು ಬೈಸಿಕೊಂಡೇ ಇರುತ್ತಾರೆ.

"ಇದು... ಆ ಮರದ್ದಾ?" ಅಂದರು. ಮೌನ ಮುರಿಯಿತು. "ಹಾಲು ಬಂದಿತ್ತು ಮಾರಾಯ್ತಿ. ಸರೀ ಹಾಲು ಬಂದಿತ್ತು. ಹಾಲೆಗೆ ಆಣಿ ಹೊಡೆದಿದ್ದರು, ಅದಕ್ಕೆ..."

ಅಷ್ಟರಲ್ಲಿ ಕಣ್ಣುಜ್ಜಿಕೊಳ್ಳುತ್ತ ಬಂದ ಮಗಳಿಗೆ ಆಟೋ ನಿಲ್ಲಿಸಲು ಹೇಳಿ ಓಡಿಸಿದೆ. ಹಂಚಲು ಸಾಲಾಗಿ ಇಟ್ಟಿದ್ದ ಬಾಟಲಿಗಳು ಇನ್ನೂ ಕಟ್ಟೆಯ ಮೇಲೇ ಇದ್ದವು. ಅಪ್ಪ ಕುಡಿಯದೆ ಊರಿಗೆ ಹಂಚುವವರಲ್ಲ ಭಾವ, ಅದೊಂದು ಪುಣ್ಯ. ಎಲ್ಲವನ್ನೂ ಬಚ್ಚಲಿಗೆ ಸುರಿದೆ.

ಆಟೋದಲ್ಲೇ ಅವರಿಗೆ ವಾಂತಿ ಶುರುವಾಯಿತು. ಕೆಸರು, ಗುಂಡಿ, ಗಟಾರಿಯ ಕೋಳಿ ಅಂಗಡಿಗಳ ಮುಂದೆ ಉದ್ದುದ್ದ ಸಾಲು. ಆಸ್ಪತ್ರೆಯ ಬಾಗಿಲಲ್ಲಿ ವಾಂತಿ ಮಾಡುತ್ತ ಇಳಿದ ಗಂಡಸನ್ನು ನೋಡಿ ಗಾಲಿಕುರ್ಚಿ ತಂದವನು ಮುಗುಳ್ನಕ್ಕು, "ಗಟಾರಿ ಹೈ ನಾ ಆಜ್. ಸುಬಹ್ ಸುಬಹ್ ಕಿತ್ನಾ ಪಿಯಾ?" ಎಂದು, ಬೆಳಗ್ಗೆಯೇ ಎಷ್ಟು ಕುಡಿದಿದ್ದಾರೆಂದು ಕೇಳಿದ.

"ದಾರೂ ನಹೀ! ಝಾಡ್ ಪಿಯಾ ಹೈ, ಝಾಡ್!" ಎಂದು ನಾನು ಕೂಗಿದೆ. ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಮರ ಕುಡಿದವನನ್ನು ಅವರು ನೋಡಿರಲಿಕ್ಕಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು. ಯಾವ ಮರ ಎಂದು ಕೇಳಿದರು. ಜೊತೆಗೆ ಬಂದಿದ್ದ ಪಕ್ಕದ ಮನೆಯವರು ನನಗಿಂತ ಮುಂಚೆ, "ಸಾತವೀಣ, ಯೇ ಲೋಗ್ ಹರ್ ಸಾಲ್ ಪೀತೇ ಹೈ," ಎಂದು, ಪ್ರತಿವರ್ಷ ಕುಡಿಯುವ ಹಾಲೆಯೇ ಎಂದು ಹೇಳಿಬಿಟ್ಟರು. ಡಾಕ್ಟರು ಅದನ್ನೇ ಬರೆಯಹೊರಟರು. ನಾನು ಮೇಜಿನ ಮೇಲೆ ಕಡ್ಡಿಯನ್ನು ಇಟ್ಟೆ.

"ಸಾತವೀಣ ಅಲ್ಲ. ಅದಕ್ಕೆಂದು ತಪ್ಪಿ ಇದನ್ನು ತಂದಿದ್ದಾರೆ. ಸರ್ಬೆರಾ. ಹೃದಯಕ್ಕೆ ಹೋಗುತ್ತದೆ," ಎಂದು ಹಿಂದಿಯಲ್ಲಿ ಹೇಳಿದೆ.

"ಆಪ್ ಶ್ಯೂರ್ ಹೈ?"

ಸೊಪ್ಪಿನವಳ ಹತ್ತಿರ, ಗಂಡನ ಹತ್ತಿರ, ಲೋಕಲ್ಲಿನ ಹೆಂಗಸರ ಹತ್ತಿರ ನಾನು ಎಷ್ಟು ಮರಗಳ ಹೆಸರನ್ನು ಢಾಣಾಡಂಗುರ ಸಾರಿಲ್ಲ! ತಪ್ಪಿದರೆ ಯಾರಿಗೆ ಏನು? ಈಗ ತಪ್ಪಿದರೆ ಒಬ್ಬ ಮನುಷ್ಯ ಹೋಗುತ್ತಾನೆ. ಎಲೆಯನ್ನು ಮತ್ತೊಮ್ಮೆ ತಿರುವಿದೆ. ಎಲೆ ಮಾವಿನದ್ದಿರಬಹುದು, ಕಣಗಿಲೆಯದ್ದಿರಬಹುದು. ಹೂವನ್ನು ಬಿಡಿಸಿದೆ. ದಳಗಳು ಗಿರಿಗಿಟ್ಲೆಯ ಹಾಗೆ ಒಂದೇ ಕಡೆ ತಿರುಚಿದ್ದವು, ಗಂಟಲಲ್ಲಿ ಹಳದಿ. ಕಾಯಿ ಒಂದೇ ಬದಿಗೆ ಉಬ್ಬಿದ ಹಸಿರು ಗುಂಡು. "ಶ್ಯೂರ್," ಅಂದೆ. ಅವರು ಫೋಟೊ ತೆಗೆದು ಯಾರಿಗೋ ಕಳಿಸಿದರು, ಯಾರಿಗೋ ಫೋನು ಮಾಡಿದರು. ಅಷ್ಟರಲ್ಲಿ ಭಾವನ ನಾಡಿ ಇಳಿಯಲು ಶುರುವಾಗಿತ್ತು. ಹೆಸರು ತಿಳಿದದ್ದಕ್ಕೆ ಸಮಯ ಉಳಿಯಿತು ಎಂದು ಆಮೇಲೆ ಡಾಕ್ಟರೇ ಹೇಳಿದರು.

ಐಸಿಯುವಿನ ಗಾಜಿನಿಂದ ನೋಡಿದರೆ ಪರದೆಯ ಮೇಲೆ ಗೀರು ಏಳಲೋ ಬೇಡವೋ ಎಂಬಂತೆ ಏಳುತ್ತಿತ್ತು. ಯಾವಾಗಲೂ ಗಲಗಲ ಎನ್ನುವ ಆ ಮನುಷ್ಯನ ಬಾಯಿಗೆ ಮಾಸ್ಕು. ವಾಶಿಯಿಂದ ಓಡಿಬಂದ ಗಂಡ ನನ್ನ ಕೈ ಹಿಡಿದು ನಿಂತಿದ್ದ. ಮೌನದ ಭಾವನನ್ನು ಹಬ್ಬದ ಹಾಗೆ ಕಾಯುತ್ತಿದ್ದ ನನಗೆ ಆಗ ಅವರ ಒಂದು ಬೈಗುಳ ಕೇಳಿದರೆ ಸಾಕಾಗಿತ್ತು.

ಅತ್ತ ಕಾಲೊನಿಯ ವಾಟ್ಸ್ಯಾಪ್ ಗುಂಪಿನಲ್ಲಿ ಸುದ್ದಿ ಹಬ್ಬಿತು. ಸಾತವೀಣದ ತೊಗಟೆ ಕುಡಿದು ಕಾಕಾ ಐಸಿಯುವಿನಲ್ಲಿ. ಸಾತವೀಣ ವಿಷ. ಮೊದಲೇ ಆ ವಾಸನೆಯಿಂದ ನಮಗೆ ತಲೆನೋವು. ನಾನು ಆಸ್ಪತ್ರೆಯ ಬೆಂಚಿನಿಂದಲೇ ಮರಾಠಿಯಲ್ಲಿ ಬರೆದೆ, ಅದು ಸಾತವೀಣ ಅಲ್ಲ, ಪಕ್ಕದ ಮರ, ದಯವಿಟ್ಟು ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ. ಹೂವಿನ ಫೋಟೊವನ್ನೂ ಹಾಕಿದೆ. ಕೆಳಗೆ ಕೈಮುಗಿದ ಚಿತ್ರಗಳು, ಬೇಗ ಗುಣವಾಗಲಿ ಎಂಬ ಹಾರೈಕೆಗಳು, ಗುಡ್ ಮಾರ್ನಿಂಗ್‌ಗಳು ಬಂದು ಅದನ್ನು ಮೇಲೆ ತಳ್ಳಿದವು. ಯಾರಾದರೂ ಓದಿದರೋ ಇಲ್ಲವೋ.

ಭಾವ ಉಳಿದರು. ಕೆಲವು ದಿನಗಳ ನಂತರ ವಾರ್ಡಿಗೆ ಬಂದು ಮೊದಲು ಕೇಳಿದ್ದು, "ಅಪ್ಪ ಕುಡಿಲಿಲ್ಲ ಅಲ್ವಾ?" ಇಲ್ಲ ಎಂದೆ. ಮಗ್ಗುಲು ತಿರುಗಿ ಗೋಡೆಯ ಕಡೆ ಮುಖ ಮಾಡಿದರು, ಭುಜ ಅಲುಗುತ್ತಿತ್ತು. ನಾನು ಹೊರಗೆ ಬಂದು ನಿಂತೆ.

ಮನೆಗೆ ಕರೆತರುವ ದಿನ ಮಳೆ ಬಿಟ್ಟಿತ್ತು. ಆಟೋ ಗಾರ್ಡನ್ನಿನ ಹತ್ತಿರ ಬಂದಾಗ ಭಾವ ನಿಲ್ಲಿಸಲು ಹೇಳಿದರು. "ಆ ಮರ ಒಮ್ಮೆ ನೋಡುವ. ಎಲೆ ಸರಿಯಾಗಿ ತೋರಿಸು ನಂಗೆ." ನನ್ನ ಭುಜ ಹಿಡಿದು ನಿಧಾನಕ್ಕೆ ನಡೆದು ಬಂದರು.

ಗೋಡೆಯ ಬದಿಗೆ ಬಂದವಳು ನಾನು ನಿಂತುಬಿಟ್ಟೆ. ಸಾಲಿನಲ್ಲಿ ಒಂದು ಮರ ಇರಲಿಲ್ಲ. ಅವತ್ತೇ ಬೆಳಿಗ್ಗೆ ಕಡಿದಿದ್ದರು. ಗರಗಸದ ಹಸಿ ಹುಡಿ ಇನ್ನೂ ಹುಲ್ಲಿನ ಮೇಲಿತ್ತು. ಹುಟ್ಟುಹಬ್ಬದ ಫ್ಲೆಕ್ಸನ್ನು ಜೋಪಾನವಾಗಿ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಪಕ್ಕದ ಮರ ತನ್ನ ಬಿಳಿ ನೂಲಿನ ಸಮೇತ ಹಾಗೆಯೇ ನಿಂತಿತ್ತು, ಗಾಯ ಆಗಲೇ ಒಣಗಿತ್ತು.

ಬೆಂಚಿನ ಮೇಲೆ ಕುಳಿತಿದ್ದ ಕಮಿಟಿಯವರೊಬ್ಬರು ಎದ್ದು ಬಂದು ಭಾವನ ಕೈ ಕುಲುಕಿದರು. "ಕಾಕಾ, ಅಬ್ ಟೆನ್ಶನ್ ನಹೀ. ಜಹರ್ ವಾಲಾ ಕಾಟ್ ದಿಯಾ," ಅಂದರು. ವಿಷದ್ದನ್ನು ಕಡಿಸಿದೆವು ಎಂದು. ಅವರ ಮುಖದಲ್ಲಿ ನಿಜವಾದ ಪ್ರೀತಿಯೇ ಇತ್ತು.

ಭಾವ ಕೈ ಬಿಡಿಸಿಕೊಂಡರು. ಅವರು ನೋಡುತ್ತಿದ್ದದ್ದು ಆಚೆಗೆ. ನೂಲು ಕಟ್ಟಿದ ಮರದ ಕೆಳಗೆ ಇಬ್ಬರು ಪುಟ್ಟ ಹುಡುಗಿಯರು ಅಡುಗೆ ಆಟ ಆಡುತ್ತಿದ್ದರು. ತೆಂಗಿನ ಚಿಪ್ಪು ಇಟ್ಟಿದ್ದರು, ಬಿಳಿ ಹೂಗಳನ್ನು ಅನ್ನದ ಹಾಗೆ ಹರಡಿದ್ದರು. ಒಬ್ಬಳ ಕೈಯಲ್ಲಿ ಹಸಿರು ಕಾಯಿ. ಉಪ್ಪಿನಕಾಯಿ ಹಾಕಲೆಂದೋ ಏನೋ ಅದನ್ನು ಕಲ್ಲಿನಿಂದ ಜಜ್ಜುತ್ತಿದ್ದಳು. ಹೆಜ್ಜೆಗೊಮ್ಮೆ ನನ್ನ ಭುಜ ಹಿಡಿಯುತ್ತಿದ್ದ ಮನುಷ್ಯ ಓಡಿದರು. ಕಾಯಿಯನ್ನು ಕಿತ್ತುಕೊಂಡು, ಚಿಪ್ಪನ್ನು ಒದ್ದು, ಮಗುವಿನ ಎರಡೂ ಅಂಗೈಗಳನ್ನು ತಮ್ಮ ಅಂಗಿಯಿಂದ ಒರೆಸತೊಡಗಿದರು. ಬಾಯಿ ತೆರೆಸಿ ನೋಡಿದರು, ಮೂಸಿದರು. ಮಕ್ಕಳು ಚೀರಿದರು. ಅವರ ತಾಯಂದಿರು ಎದ್ದು ಓಡಿಬಂದರು. ಪುಣ್ಯಕ್ಕೆ ಇಬ್ಬರೂ ಬಾಯಿಗೆ ಹಾಕಿರಲಿಲ್ಲ.

ಭಾವ ಏದುಸಿರು ಬಿಡುತ್ತ ಬಂದು ಕಡಿದ ಹಾಲೆಯ ಬೊಡ್ಡೆಯ ಮೇಲೆ ಕುಸಿದು ಕುಳಿತರು. ಕಾಯಿ ಮುಷ್ಟಿಯಲ್ಲೇ ಇತ್ತು. ಬೊಡ್ಡೆಯಿಂದ ಇನ್ನೂ ಹಾಲು ಒಸರುತ್ತಿತ್ತು, ಅವರ ಪಂಚೆಗೆಲ್ಲ ಅಂಟಿತು. ಸುತ್ತ ಜನ ಸೇರಿ ಏನಾಯಿತು, ಏನಾಯಿತು ಎಂದು ಕೇಳುತ್ತಿದ್ದರು. ಅವರು ಪಕ್ಕಕ್ಕೆ ಬಗ್ಗಿ ಆ ಹಾಲನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ನನ್ನತ್ತ ನೋಡಿದರು.

"ಇದರಲ್ಲೂ ಹಾಲು ಉಂಟು, ಅದರಲ್ಲೂ ಹಾಲು ಉಂಟು ಮಾರಾಯ್ತಿ," ಅಂದರು. "ಇವರಿಗೆ ಹೂವು ತೋರಿಸು. ಎಲೆ ತೋರಿಸು. ಅರ್ಥ ಆಗುವ ತನಕ ನಾನು ಇಲ್ಲಿಂದ ಏಳುವುದಿಲ್ಲ."